ಬೋಗಿ ಜಿಜ್ಞಾಸೆ

ರೈಲು ಡಬ್ಬಿಯನ್ನು ನಾವು ‘ಬೋಗಿ’ ಎನ್ನುವುದು ತಪ್ಪಂತೆ. ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿರುವ ಚಕ್ರಗಳ ಚೌಕಟ್ಟು ಮಾತ್ರ ಎಂದು ಇಂಜಿನಿಯರುಗಳ ಅಂಬೋಣ. ವ್ಯಾಕರಣ ಓದದವರ ಮಾತು. ಪೂರ್ವಪಕ್ಷವೆಂದು ಬರೆದುಕೊಂಡು ಮುಂದೆ ಹೋಗೋಣ.

ಶಬ್ದದ ಮೂಲ ಸಂಸ್ಕೃತದ ‘ಭೋಗಿ’ ಎಂಬುದರಲ್ಲಿ ವಿದ್ವಾಂಸರಿಗೆ, ಎಂದರೆ ನನಗೆ, ಸಂಶಯವಿಲ್ಲ. ಜಗಳವಿರುವುದು ಅರ್ಥದಲ್ಲಿ. ಭೋಗಿ ಎಂದರೆ ಹಾವು, ರೈಲೂ ಬುಸುಗುಡುತ್ತ ಹರಿಯುತ್ತದೆ ಎನ್ನುವವರು ಸರ್ಪವಾದಿಗಳು. ಪೊಂಗಲ್‌ನ ಹಿಂದಿನ ದಿನ ಹಳೆ ಚಾಪೆ ಸುಟ್ಟು ಚೆನ್ನೈಯನ್ನೇ ಹೊಗೆಯಲ್ಲಿ ಅದ್ದುವ ಭೋಗಿ ಹಬ್ಬವೇ ಹೊಗೆಬಂಡಿಯ ಮೂಲವೆನ್ನುವವರು ಧೂಮವಾದಿಗಳು. ಬುಸುಗುಟ್ಟುವ ಉಗಿ ಇಂಜಿನ್ ಹೋಯಿತು, ಹೊಗೆಯೂ ಹೋಯಿತು, ಬೋಗಿ ಮಾತ್ರ ಉಳಿಯಿತು. ಇಬ್ಬರ ವಾದವೂ ಅಲ್ಲಿಗೆ ಮುಗಿಯಿತು.

ಸಿದ್ಧಾಂತವೇನೆಂದರೆ, ಭೋಗವೆಂದರೆ ಅನುಭವಿಸುವುದು. ಸುಖವಾದರೂ ಸರಿ, ಪ್ರಾರಬ್ಧವಾದರೂ ಸರಿ. ಇದಕ್ಕೆ ಇತಿಹಾಸವೇ ಪ್ರಮಾಣ. 1837ರಲ್ಲಿ ಮದ್ರಾಸಿನ ರೆಡ್ ಹಿಲ್ಸ್‌ನಿಂದ ಚಿಂತಾದ್ರಿಪೇಟೆಯ ಕಡೆಗೆ ಹಳಿ ಬಿದ್ದಾಗ ಅದರ ಪ್ರಯಾಣಿಕರು ರಸ್ತೆಗೆ ಹಾಕುವ ಕಲ್ಲುಗಳು. ಒಂದರ ಮೇಲೊಂದು ಕೂತು, ಕಿಟಕಿ ಸೀಟು ಕೇಳದೆ ಸಾಗಿದ ಆ ಕಲ್ಲುಗಳೇ ಇಂದಿನ ಜನರಲ್ ಡಬ್ಬಿಯ ಆದಿಗುರುಗಳು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಮೂರನೇ ದರ್ಜೆಯವರು ಎಷ್ಟೋ ಕಡೆ ಸೂರಿಲ್ಲದ ಗಾಡಿಯಲ್ಲಿ ಮಳೆಯನ್ನೂ ಕೆಂಡದ ಕಿಡಿಯನ್ನೂ ಭೋಗಿಸುತ್ತಿದ್ದರು. ಬಡವರ ತಲೆಗೂ ಸೂರು ಬೇಕೆಂದು ಪಾರ್ಲಿಮೆಂಟು ಕಾನೂನು ಮಾಡಿದ್ದು 1844ರಲ್ಲಿ. ಮೊದಲ ದರ್ಜೆಯವರದು ಮಾತ್ರ ಸುಖಭೋಗ: ಕುದುರೆ ಸಾರೋಟಿನ ಮೈಯನ್ನೇ ಮೂರು ಸಲ ಸಾಲಾಗಿ ಅಂಟಿಸಿದಂಥ ಡಬ್ಬಿ, ಒಳಗೆ ಮೆತ್ತೆ. ಕುದುರೆ ಬಿಚ್ಚಿದರೂ ಸಾರೋಟಿನ ಗತ್ತು ಬಿಡಲಿಲ್ಲ.

1856ರ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ರಾಯಪುರಂ ನಿಲ್ದಾಣ ಉದ್ಘಾಟಿಸಿದಾಗಲೂ ಅಷ್ಟೆ. ಡಬ್ಬಿಗಳನ್ನು ಕಟ್ಟಿದ್ದು ಸಾರೋಟು ಕಟ್ಟುತ್ತಿದ್ದ ಮದ್ರಾಸಿನ ಸಿಂಪ್ಸನ್ ಕಂಪನಿ. ಜುಲೈ 1ರಿಂದ ಜನ ಆರ್ಕಾಟಿನ ದಿಕ್ಕಿಗೆ, ವಾಲಾಜಾ ರಸ್ತೆಯವರೆಗೆ ಹೊರಟರು. ಜೋಲಾರಪೇಟೆಯಿಂದ ಕವಲೊಡೆದ ಹಳಿ ಬೆಂಗಳೂರು ದಂಡು ಪ್ರದೇಶ ಮುಟ್ಟಿದ್ದು 1864ರ ಆಗಸ್ಟ್ 1ರಂದು.

ಇಲ್ಲೊಂದು ಆಕ್ಷೇಪಣೆ: ಭೋಗಿ ಬೋಗಿಯಾದದ್ದು ಹೇಗೆ? ಹೊರಟದ್ದು ತಮಿಳು ನೆಲದಿಂದ ಎಂಬುದನ್ನು ಮರೆಯಬಾರದು. ತಮಿಳು ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಮಹಾಪ್ರಾಣಕ್ಕೆ ರಾಯಪುರದಲ್ಲೇ ಟಿಕೆಟ್ ಸಿಗಲಿಲ್ಲ. ಸಿಕ್ಕಿದ್ದರೂ ಆ ನೂಕುನುಗ್ಗಲಿನಲ್ಲಿ ಅಲ್ಪಪ್ರಾಣ ಉಳಿದದ್ದೇ ಪುಣ್ಯ.

ಕರ್ಮಭೋಗದ ಪರಾಕಾಷ್ಠೆ 1909ರಲ್ಲಿ. ಹಲಸಿನ ಹಣ್ಣು ಹೆಚ್ಚು ತಿಂದು, ಕೆಳಗಿಳಿದು, ಅಷ್ಟರಲ್ಲಿ ರೈಲು ತಪ್ಪಿಸಿಕೊಂಡ ಬಂಗಾಳದ ಒಖಿಲ್ ಚಂದ್ರ ಸೇನ್ ರೈಲ್ವೆಗೆ ದೂರು ಬರೆದರು. ಕೆಳದರ್ಜೆಗೆ ಶೌಚಾಲಯ ಬಂದದ್ದು ಆಮೇಲೆ. ಐದು ದಶಕ ಯಾವ ಸಮಿತಿಗೂ ಹೊಳೆಯದ್ದು ಒಂದು ಹಲಸಿಗೆ ಹೊಳೆಯಿತು. 1974ರಲ್ಲಿ ಮೂರನೇ ದರ್ಜೆಯೇ ರದ್ದಾಯಿತು. ಅದರಲ್ಲಿದ್ದವರು ಕೂತಲ್ಲೇ ಎರಡನೇ ದರ್ಜೆಗೆ ಬಡ್ತಿ ಪಡೆದರು.

ಈ ಪ್ರಬಂಧವನ್ನು ಚೆನ್ನೈಯಿಂದ ಬೆಂಗಳೂರಿಗೆ ಬರುವ ರಾತ್ರಿ ರೈಲೊಂದರ ಜನರಲ್ ಡಬ್ಬಿಯಲ್ಲಿ, ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ. ಉತ್ತರಾರ್ಧದ ಹಸ್ತಪ್ರತಿ ಸಿದ್ಧವಿದೆ. ಆದರೆ ಅದರ ಮೇಲೆ ಕಾಟ್ಪಾಡಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ಕೂತಿದ್ದಾರೆ. ಅವರು ಬಂಗಾರಪೇಟೆಯಲ್ಲಿ ಇಳಿಯುತ್ತಾರಂತೆ.