ಹಿಂಬಡ್ತಿ ಇಲ್ಲದ ಇಲಾಖೆ

ಡೆಬಿಯನ್ ಲಿನಕ್ಸಿನ ಭಂಡಾರ ಹೊಕ್ಕ ಪ್ಯಾಕೇಜಿನ ಸೇವಾಭದ್ರತೆ ಕಂಡರೆ ವಿಧಾನಸೌಧದ ಗುಮಾಸ್ತರಿಗೂ ಹೊಟ್ಟೆ ಉರಿಯಬೇಕು. ವರ್ಷನ್ ನಂಬರ್ ಏರಬಹುದು, ಇದ್ದಲ್ಲೇ ಇರಬಹುದು, ಇಳಿಯುವಂತಿಲ್ಲ. ಕೆಲಸ ಕೆಡಲಿ, ಕನ್ನವೇ ಬೀಳಲಿ, ಹಿಂಬಡ್ತಿ ಎನ್ನುವುದು ಇಲ್ಲಿನ ನಿಯಮಾವಳಿಯಲ್ಲಿಲ್ಲ. ನಿಮ್ಮ ಸ್ವಂತ ಮಷೀನಿನಲ್ಲೇ, ಪ್ಯಾಕೇಜುಗಳ ಉಸ್ತುವಾರಿ ಹೊತ್ತ ಆಪ್ಟ್ ತಾನಾಗಿ ಒಂದು ಪ್ಯಾಕೇಜನ್ನು ಕೆಳಗಿಳಿಸಬೇಕೆಂದರೂ ಕನಿಷ್ಠ 1000 ಅಂಕದ ಶಿಫಾರಸು ಬರೆದಿಡಬೇಕು. ಉತ್ಪ್ರೇಕ್ಷೆಯಲ್ಲ, ಪಿನ್ ಪ್ರಯಾರಿಟಿ ಎಂದು ಅದರ ಹೆಸರು.

2024ರ ಮಾರ್ಚ್ ಕೊನೆಯಲ್ಲಿ ನಿಜಕ್ಕೂ ಕನ್ನ ಬಿತ್ತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಪತ್ತೆಯಾಯಿತು. ಇಟ್ಟವನು ಜಿಯಾ ಟಾನ್ ಎಂಬ ಹೆಸರು ಹೊತ್ತವನು. ಎರಡು ವರ್ಷಕ್ಕೂ ಮೀರಿ ಸಜ್ಜನನಂತೆ ದುಡಿದು ಬೀಗದ ಕೈ ಗಿಟ್ಟಿಸಿಕೊಂಡಿದ್ದ. ಹಿಡಿದವರು ಆಂಡ್ರೆಸ್ ಫ್ರಾಯಿಂಡ್; ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರಿಗೆ ಸುಳಿವು. ನಮ್ಮಲ್ಲಾದರೆ ನೆಟ್ ಸ್ಲೋ ಎಂದು ಕಾಫಿಗೆ ಹೋಗುತ್ತಿದ್ದೆವು.

ಡೆಬಿಯನ್‌ನವರು ಹಳೆಯ 5.4.5ನ್ನು ಕರೆತರಲೇಬೇಕಾಯಿತು. ಆದರೆ 5.6.1 ಇದ್ದ ಕುರ್ಚಿಗೆ 5.4.5 ಬರುವುದು ಹೇಗೆ? ಹೊಸ ಆದೇಶ ಹೊರಟಿತು: 5.6.1+ರಿಯಲಿ5.4.5. ಹಲಗೆಯ ಮೇಲೆ ಒಬ್ಬರ ಹೆಸರು, ಕುರ್ಚಿಯಲ್ಲಿ ಇನ್ನೊಬ್ಬರು. ಇದು ತಮಾಷೆಗೆ ಇಟ್ಟ ನಂಬರಲ್ಲ, ಡೆಬಿಯನ್‌ನಲ್ಲಿ ರೂಢಿಯಲ್ಲಿರುವ ಪದ್ಧತಿ.

ಈ ಗಲಾಟೆಯಲ್ಲಿ ಎದೆ ಬಡಿದುಕೊಂಡವರು ಯಾರು? ಹೊಸದು ಬಂದ ದಿನವೇ ಬೇಕೆನ್ನುವವರು. ಡೆಬಿಯನ್ ಅನ್‌ಸ್ಟೇಬಲ್, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್ ಮಂದಿ. ಡೆಬಿಯನ್ ಸ್ಟೇಬಲ್‌ನವರು 5.4.1 ಇಟ್ಟುಕೊಂಡು ಹಾಯಾಗಿದ್ದರು. ಅಪ್‌ಗ್ರೇಡ್ ಎಂದರೆ ಮೈಗಳ್ಳತನ ಮಾಡುವ ಅಡ್ಮಿನ್‌ಗಳಿಗೆ ಇದು ಸುಪ್ರೀಂ ಕೋರ್ಟ್ ತೀರ್ಪಿನಂತೆ ಒದಗಿತು. ಸ್ಟೇಬಲ್‌ಗೆ ಭದ್ರತಾ ತೇಪೆಗಳು ಬರುತ್ತಲೇ ಇರುತ್ತವೆ, ಅವನ್ನೂ ಹಾಕಿಕೊಳ್ಳಬೇಕು ಎನ್ನುವ ಭಾಗವನ್ನು ಮಾತ್ರ ಅವರು ಓದಲಿಲ್ಲ.

ಆ ತೇಪೆಗಳದೇ ಇನ್ನೊಂದು ಪ್ರಹಸನ. 2024ರ ಜುಲೈ 1ರಂದು, ಎಸ್‌ಎಸ್‌ಎಚ್ ಲಾಗಿನ್ ನಡೆಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ತೂತೊಂದು ಬಯಲಾಯಿತು. 2006ರಲ್ಲೇ ವಜಾ ಆಗಿದ್ದ ದೋಷ, 2020ರ ಒಂದು ತಿದ್ದುಪಡಿಯಲ್ಲಿ ಸದ್ದಿಲ್ಲದೆ ಮರುನೇಮಕಗೊಂಡಿತ್ತು. ಅಂದರೆ ಅಪ್‌ಗ್ರೇಡ್ ಮಾಡಿಯೇ ಜನ ಹಳೆಯ ರೋಗ ತಂದುಕೊಂಡಿದ್ದರು. ಮೂಲ ತಂಡ 9.8 ಹೊರಡಿಸಿತು. ಡೆಬಿಯನ್ ತನ್ನ 9.2ಕ್ಕೇ ತೇಪೆ ಹಾಕಿ ಕೊಟ್ಟಿತು: 1:9.2ಪಿ1-2+ಡೆಬ್12ಯು3. ಮೊದಲಿನ 1 ಎಪಕ್ ಎನ್ನುವ ಬಿರುದು, ಒಮ್ಮೆ ಹತ್ತಿದರೆ ಬಿಡದು. ವಿಮ್ ಎಡಿಟರ್ ಅಂಥ 2 ಹೊತ್ತು ತಿರುಗುತ್ತಿದೆ. ನಿಜವಾಗಿ ನೋಡಬೇಕಾದದ್ದು ಬಾಲ: ಡೆಬಿಯನ್ 12ರ ಮೂರನೆಯ ತೇಪೆ ಎಂಬುದು ಅಲ್ಲಿದೆ.

ಆಡಿಟ್‌ಗೆ ಬಂದವರು ಬಾಲ ನೋಡುವುದಿಲ್ಲ. ಅವರ ಸ್ಕ್ಯಾನರ್ 9.2 ಎಂದು ಓದಿ ಕೆಂಪು ಬಳಿಯುತ್ತದೆ.

“ಸರ್, ಇದಕ್ಕೆ ಪ್ಯಾಚ್ ಆಗಿದೆ. ಕೊನೆಯಲ್ಲಿ ನೋಡಿ.”

“ಅದೆಲ್ಲ ಗೊತ್ತಿಲ್ಲಪ್ಪ. ರಿಪೋರ್ಟಲ್ಲಿ 9.8 ಕಾಣಬೇಕು.”

ಮ್ಯಾನೇಜರ್ ಸಾಹೇಬರ ಒಪ್ಪಿಗೆಯೂ ಆಯಿತು. ಸರ್ವರ್ ನೋಡಿಕೊಳ್ಳುವ ಹುಡುಗ ರಾತ್ರಿ ಕೂತು 9.8ರ ಸೋರ್ಸ್ ಇಳಿಸಿ, ಕಂಪೈಲ್ ಮಾಡಿ, ಆಪ್ಟ್‌ಗೆ ಹೇಳದೆ ಕೇಳದೆ ಯುಎಸ್‌ಆರ್ ಲೋಕಲ್‌ನಲ್ಲಿ ಕೂರಿಸಿ, ಅದನ್ನೇ ಓಡಿಸಿದ. ಬೆಳಿಗ್ಗೆ ವರದಿ ಹಸಿರಾಯಿತು. ಅಲ್ಲಿ ಕೂತಿರುವುದು ಆಪ್ಟ್‌ನ ಹಾಜರಿ ಪುಸ್ತಕದಲ್ಲಿ ಇಲ್ಲವಾದ್ದರಿಂದ ಮುಂದಿನ ಯಾವ ತೇಪೆಯೂ ಅದಕ್ಕೆ ಮುಟ್ಟುವುದಿಲ್ಲ. ಹುಡುಗ ನೋಟಿಸ್ ಪೀರಿಯಡ್‌ನಲ್ಲಿದ್ದಾನಂತೆ.