ಉಕ್ಕುವಾದಿಗಳು

ಒಂದು ವಸ್ತುವಿನ ವಿಷಯವಾಗಿ ಅಭಿಪ್ರಾಯವನ್ನು ಹೊಂದಬೇಕಾದರೆ ಮೊದಲು ಆ ವಸ್ತುವನ್ನು ಹೊಂದಿರಬೇಕೆಂಬ ನಿಯಮವು ಲೋಕದಲ್ಲಿ ಜಾರಿಯಲ್ಲಿದ್ದ ಪಕ್ಷದಲ್ಲಿ, ನಮ್ಮ ಕಡೆಯ ಚಹಾದಂಗಡಿಗಳೆಲ್ಲ ಎಂದೋ ಬಾಗಿಲು ಹಾಕಿಕೊಳ್ಳುತ್ತಿದ್ದುವು. ಪುಣ್ಯವಶಾತ್ ಅಂತಹ ನಿಯಮವಿಲ್ಲ. ಆದುದರಿಂದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಂಬ ನಾಲ್ಕು ಊರುಗಳಲ್ಲಿ, ಜೋಳದ ರಾಶಿ ಮುಗಿದು ಮಳೆಯ ಸುಳಿವು ಇನ್ನೂ ಕಾಣದ ಬಿಸಿಲುಗಾಲದಲ್ಲಿ, ಜೆಕ್ ದೇಶದ ಸಿ.ಜೆಡ್. ಕಾರ್ಖಾನೆಯ ‘ಷಾಡೋ 2’ ಎಂಬ ಉಕ್ಕಿನ ಚೌಕಟ್ಟಿನ ಸ್ಪರ್ಧಾ ಪಿಸ್ತೂಲಿನ ಗುಣದೋಷಗಳನ್ನು ಕುರಿತು ಗಂಭೀರವಾದ ವಾದವಿವಾದಗಳು ನಡೆಯುವುದು ಸಾಧ್ಯವಾಗಿದೆ. ವಾದಿಸುವವರಲ್ಲಿ ಯಾರೊಬ್ಬರೂ ಅದನ್ನು ಕಂಡವರಲ್ಲ, ಮುಟ್ಟಿದವರಲ್ಲ. 2016ರಲ್ಲಿ ಹೊರಬಂದ ಆ ಪಿಸ್ತೂಲು ಅವರ ಪಾಲಿಗೆ ಇಂದಿಗೂ ‘ಹೊಸಾ ಮಾಲು’. ಕೈಗೆ ಬಾರದ ವಸ್ತು ಹಳತಾಗುವುದಾದರೂ ಹೇಗೆ?

ಷಡ್ದರ್ಶನಗಳ ನಾಡಿನಲ್ಲಿ ಹುಟ್ಟಿದವರಾದ ಕಾರಣ ಈ ಉತ್ಸಾಹಿಗಳಲ್ಲಿಯೂ ಮತಭೇದಗಳುಂಟು. ಸಿಂದಗಿಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ತರುಣನೊಬ್ಬನು ಪ್ಲಾಸ್ಟಿಕ್‌ವಾದಿ. 1982ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯಕ್ಕಾಗಿ ಗ್ಲಾಕ್ ಎಂಬಾತನು ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲನ್ನು ನಿರ್ಮಿಸಿದ ಕ್ಷಣದಲ್ಲಿಯೇ ಉಕ್ಕಿನ ಯುಗವು ಸಮಾಪ್ತವಾಯಿತೆಂದು ಆತನ ಸಿದ್ಧಾಂತ. ಮುದ್ದೇಬಿಹಾಳದ ನಿವೃತ್ತ ಕೋರ್ಟು ಗುಮಾಸ್ತರು ಶುದ್ಧ ಮೀಮಾಂಸಕರು; ಪಿಸ್ತೂಲು ಎಂತಹುದಾದರೂ ಇರಲಿ, 9 ಮಿಲಿಮೀಟರ್ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದ ಬೋರು ಎಂಬುದನ್ನೂ, 1959ರ ಆಯುಧ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂದು ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದುದನ್ನೂ ಅವರು ಚರ್ಚೆ ಕಾವೇರಿದಾಗಲೆಲ್ಲ ನೆನಪಿಸಿ, ಇಲ್ಲದ ಮೂರನೆಯ ಆಯುಧವನ್ನು ಎಲ್ಲರಿಂದಲೂ ಕಸಿದುಕೊಳ್ಳುವರು. ಬಸವನ ಬಾಗೇವಾಡಿಯ ಕಿರಾಣಿ ವ್ಯಾಪಾರಿಯದು ಸಮನ್ವಯ ಮಾರ್ಗ: ‘ಕೈ ಚಲೋ ಇದ್ರ ಎಲ್ಲಾ ಚಲೋನ’ ಎಂದು ಹೇಳಿ ಅವರು ಇನ್ನೊಂದು ಚಹಾ ತರಿಸುವರು. ಬಸವಣ್ಣನವರ ಊರಿನವರಿಗೆ ಮತಜಗಳ ಒಗ್ಗದಿರುವುದು ಸಹಜವೇ.

ಆದರೆ ಉಕ್ಕುವಾದದ ಪರಮಾಚಾರ್ಯರು ಇರುವುದು ನಮ್ಮ ಇಂಡಿಯಲ್ಲಿ. ಊರಿಗೆಲ್ಲ ಅವರು ‘ಪಿಸ್ತೂಲು ಕಾಕಾ’. ಕಚ್ಚೆ ಧೋತರ, ಬಿಳಿಯ ಟೊಪ್ಪಿಗೆ, ಚಹಾ ಕುಡಿಯುವಾಗಲೂ ಎಡಗಣ್ಣನ್ನು ಮುಚ್ಚಿ ಬಲಗಣ್ಣಿನಿಂದ ಬಸಿಯ ಅಂಚನ್ನು ನಿರುಕಿಸುವ ಅಭ್ಯಾಸ. ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ.ಯವರು ಅವರನ್ನು ನೆಲದ ಮೇಲೆ ಬೋರಲು ಮಲಗಿಸಿ .22 ರೈಫಲಿನಿಂದ ಕೆಲವು ಗುಂಡು ಹಾರಿಸಲು ಬಿಟ್ಟಿದ್ದರಂತೆ. ಆ ಸದ್ದು ಕಿವಿಯಿಂದ ಇಳಿಯಲೇ ಇಲ್ಲ. ತಂದೆಯ ಕಾಲದ ಒಂಟಿನಳಿಗೆಯ ಬಂದೂಕೊಂದು, ಬೆಳೆಗೆ ಬೀಳುವ ಹಂದಿಗಳನ್ನು ಬೆದರಿಸುವ ಪರವಾನಗಿಯ ಮೇಲೆ, ಅವರ ಮನೆಯಲ್ಲಿ ಉಂಟು. ಆದರೆ ಲೋಕಸಭೆ, ವಿಧಾನಸಭೆ, ಪಂಚಾಯತಿಗಳೆಂದು ಒಂದಲ್ಲ ಒಂದು ಚುನಾವಣೆ ಬರುತ್ತಲೇ ಇರುವುದರಿಂದಲೂ, ಚುನಾವಣೆ ಬಂದೊಡನೆ ಅದನ್ನು ಠಾಣೆಯಲ್ಲಿ ಜಮಾ ಮಾಡಬೇಕಾದುದರಿಂದಲೂ, ಆ ಬಂದೂಕು ಚೊಚ್ಚಲ ಬಸುರಿಯಂತೆ ಬಹುಕಾಲ ಮನೆಯ ಹೊರಗೆಯೇ ಇರುವುದು. ಪಿಸ್ತೂಲನ್ನಂತೂ ಅವರು ಜನ್ಮದಲ್ಲಿ ಹಿಡಿದವರಲ್ಲ.

ಹಿಡಿಯದವರೆಂಬ ಕಾರಣಕ್ಕೆ ಅವರ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಎಂಟು ಗ್ರಾಮಿನ ಗುಂಡೊಂದು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಿಂದ ಮುಂದಕ್ಕೆ ಹೋಗುವಾಗ ಪಿಸ್ತೂಲು ಹಿಂದಕ್ಕೆ ಒದೆಯಲೇಬೇಕಷ್ಟೆ. ಮುಕ್ಕಾಲು ಕಿಲೋ ಕೂಡ ತೂಗದ ಪ್ಲಾಸ್ಟಿಕ್ಕಿನದು ಒದೆಯುವುದಕ್ಕೂ, 1,330 ಗ್ರಾಂ ತೂಗುವ ಷಾಡೋ ಒದೆಯುವುದಕ್ಕೂ ವೇಗದಲ್ಲಿ ಹೆಚ್ಚುಕಡಿಮೆ ಇಮ್ಮಡಿಯ ಅಂತರ. ಓಡುತ್ತ, ತಿರುಗುತ್ತ, ಹಲವು ಗುರಿಗಳನ್ನು ಒಂದರ ಹಿಂದೊಂದು ಹೊಡೆದು, ಗಳಿಸಿದ ಅಂಕಗಳನ್ನು ತಗುಲಿದ ಸೆಕೆಂಡುಗಳಿಂದ ಭಾಗಿಸಿ ಗೆದ್ದವರನ್ನು ನಿರ್ಣಯಿಸುವ ಸ್ಪರ್ಧೆಯಲ್ಲಿ, ನಳಿಗೆಯ ಮೂತಿ ಮೇಲಕ್ಕೆ ಎಗರದೆ ಬೇಗನೆ ಗುರಿಗೆ ಮರಳುವುದೇ ಸರ್ವಸ್ವ. ಇದನ್ನೆಲ್ಲ ಕಾಕಾ ಲೆಕ್ಕ ಸಹಿತ ವಿವರಿಸುವರು. ಲೆಕ್ಕಕ್ಕೆ ಮಣಿಯದವರಿಗೆ ಅವರಲ್ಲಿ ಒಂದು ಐತಿಹಾಸಿಕ ಪ್ರಮಾಣವೂ ಉಂಟು. ‘ವಿಜಾಪುರಕ್ಕ ಹೋಗಿ ಮಲಿಕ್-ಎ-ಮೈದಾನ ತೋಪು ನೋಡ್ರಿ. ಐವತ್ತೈದು ಟನ್ ತೂಕ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು. ಹಾರಿಸಿದ್ರ ಅದು ಜಿಗೀತಿತ್ತೇನ್ರಿ?’ ಇದಕ್ಕೆ ಸಿಂದಗಿಯ ತರುಣನು, ‘ಜಿಗೀತಿರಲಿಲ್ಲ ಕಾಕಾ, ಖರೆ. ಆದ್ರ ಅದನ್ನ ಸೊಂಟಕ್ಕ ಕಟ್ಕೊಂಡು ಓಡಾಂವ ಯಾರು?’ ಎಂದು ಕೇಳಿದನಂತೆ. ಕಾಕಾ ಉತ್ತರಿಸಲಿಲ್ಲ, ಗ್ಲಾಕ್ ಕಂಪನಿಯು ಪಿಸ್ತೂಲಿಗೆ ಕೈಹಾಕುವ ಮೊದಲು ಬಾಗಿಲ ಪರದೆಯ ಸರಳುಗಳನ್ನು ತಯಾರಿಸುತ್ತಿತ್ತೆಂಬ ಸತ್ಯಸಂಗತಿಯನ್ನು ಮಾತ್ರ ತಿಳಿಸಿ, ‘ಪರದೆ ಸಳಿ ಮಾಡಾಂವರ ಮಾತ ನಮಗ್ಯಾಕ’ ಎಂದು ಎದ್ದುಬಂದರು.

ಇಷ್ಟರಲ್ಲಿಯೇ ನಿಂತಿದ್ದರೆ ನನಗೆ ಕಾಕಾರ ಮೇಲೆ ದೂರು ಇರುತ್ತಿರಲಿಲ್ಲ. ಆದರೆ ಉಕ್ಕುವಾದಿಗೆ ಶಿಷ್ಯನು ಬೇಕು, ಶಿಷ್ಯನಿಗೆ ಸಾಕ್ಷಾತ್ಕಾರವಾಗಬೇಕು. ಇಂಡಿಯ ಲಿಂಬೆಯ ಪೇಟೆಯಲ್ಲಿ, ಉಪ್ಪಿನಕಾಯಿಗೆಂದು ಮನೆಯಿಂದ ಅಪ್ಪಣೆಯಾದ ಪದಾರ್ಥವನ್ನು ನಾನು ಆರಿಸುತ್ತಿದ್ದಾಗ ಕಾಕಾ ಪ್ರತ್ಯಕ್ಷರಾದರು. ‘ಮಾಸ್ತರ್ರ, ತೂಕ ಅಂದ್ರೇನು ಅನ್ನೋದು ಓದಿದ್ರ ತಿಳಿಯಂಗಿಲ್ಲ’ ಎಂದವರೇ, ವ್ಯಾಪಾರಿಯಿಂದ ಸರಿಯಾಗಿ 1,330 ಗ್ರಾಂ ಲಿಂಬೆಯನ್ನು ತೂಗಿಸತೊಡಗಿದರು. ಲಿಂಬೆ ಎಂಬುದು ಗ್ರಾಮಿನ ಲೆಕ್ಕಕ್ಕೆ ಬಗ್ಗುವ ಹಣ್ಣಲ್ಲ. ಒಂದು ಹಾಕಿದರೆ ಹೆಚ್ಚು, ಒಂದು ತೆಗೆದರೆ ಕಡಿಮೆ. ದೊಡ್ಡದನ್ನು ತೆಗೆದು ಸಣ್ಣದನ್ನು ಇಟ್ಟು, ಸಣ್ಣದನ್ನು ತೆಗೆದು ಅದಕ್ಕಿಂತ ಒಣಕಲಾದುದನ್ನು ಇಟ್ಟು, ತಕ್ಕಡಿಯು ಒಪ್ಪುವ ವೇಳೆಗೆ ಸುತ್ತಲೂ ಜನ ನೆರೆದಿತ್ತು. ಆಮೇಲೆ ಚೀಲವನ್ನು ನನ್ನ ಬಲಗೈಗೆ ನೇತುಹಾಕಿ, ತೋಳನ್ನು ಹೆಗಲಿನ ಮಟ್ಟಕ್ಕೆ ಚಾಚಿಸಿ, ಎಡಗೈಯನ್ನು ಕಿಸೆಯಲ್ಲಿ ಇಡಿಸಿ, ‘ಇದು 25 ಮೀಟರ್ ಸ್ಪರ್ಧಾ ಅಂತ ತಿಳೀರಿ. ಐದು ಗುಂಡು, ಐದು ಮಿನಿಟು. ಅಲ್ಲಾಡಬ್ಯಾಡ್ರಿ’ ಎಂದು ಕೈಗಡಿಯಾರವನ್ನು ನೋಡುತ್ತ ನಿಂತರು. ಎರಡು ಗುಂಡುಗಳ ನಡುವೆ ತೋಳನ್ನು ಇಳಿಸಿ ವಿಶ್ರಮಿಸುವ ಅಧಿಕಾರ ಸ್ಪರ್ಧಿಗೆ ಉಂಟೆಂಬ ನಿಯಮವನ್ನು ಅವರು ನನಗೆ ತಿಳಿಸಿದುದು ಮರುದಿನ. ಷಾಡೋವನ್ನು ಹಾರಿಸುವವರು ಎರಡು ಕೈಗಳಿಂದಲೂ ಹಿಡಿಯುವರೆಂಬುದು ನನಗೆ ತಿಳಿದುದು ಇನ್ನೂ ತಡವಾಗಿ, ಮುದ್ದೇಬಿಹಾಳದ ಗುಮಾಸ್ತರಿಂದ.

ಇಲ್ಲಿ ಒಂದು ಸ್ಥಳಪುರಾಣವನ್ನು ಹೇಳಬೇಕು. ನಮ್ಮ ಭೀಮಾತೀರದಲ್ಲಿ, ಕಾಕಾರ ಹೆಸರಿನಲ್ಲಿ ಹೊರತು, ಪಿಸ್ತೂಲು ಎಂಬ ಶಬ್ದವನ್ನು ಯಾರೂ ಗಟ್ಟಿಯಾಗಿ ಉಚ್ಚರಿಸುವುದಿಲ್ಲ. ಮನೆತನಗಳ ಹಗೆ, ಕಂಟ್ರಿ ಪಿಸ್ತೂಲು, ಪತ್ರಿಕೆಯ ಮುಖಪುಟ, ಆಮೇಲೆ ಸಿನಿಮಾ ಎಂಬ ಕ್ರಮದಲ್ಲಿ ಈ ನದಿಗೆ ಬಂದ ಹೆಸರು ಯಾವ ಪುಷ್ಕರದಲ್ಲಿ ಮಿಂದರೂ ಹೋಗುವಂಥದಲ್ಲ. ಹೀಗಿರುವಾಗ, ಪೇಟೆಯ ನಡುವೆ ಒಬ್ಬನು ಕೈಚಾಚಿ ಗುರಿ ಹಿಡಿದು ನಿಂತಿರುವನೆಂಬ ವಾರ್ತೆ ಜನದ ಬಾಯಿಂದ ಬಾಯಿಗೆ ಬೆಳೆಯುತ್ತ ಹೋಗಿ ಒಬ್ಬ ಪೋಲೀಸನನ್ನು ಕರೆತಂದುದರಲ್ಲಿ ಆಶ್ಚರ್ಯವೇನು? ‘ಎಲ್ಲೈತಿ ಪಿಸ್ತೂಲು?’ ಎಂದು ಆತನು ಗರ್ಜಿಸಿದನು. ‘ಪಿಸ್ತೂಲಲ್ರಿ ಸಾಹೇಬ್ರ, ಲಿಂಬಿಹಣ್ರಿ. ಇನ್ನೂ ರೊಕ್ಕಾ ಕೊಟ್ಟಿಲ್ರಿ’ ಎಂದನು ವ್ಯಾಪಾರಿ. ನಾನು ತೋಳನ್ನು ಇಳಿಸಲು ಹೊರಟೆ. ‘ಇನ್ನ ಎರಡು ಮಿನಿಟೈತಿ’ ಎಂದು ಕಾಕಾ ತಡೆದರು. ಹಾಗೆ ತಡೆದು, ಪೋಲೀಸನ ಕಡೆಗೆ ತಿರುಗಿ, ಚೌಕಟ್ಟಿನ ತೂಕಕ್ಕೂ ಮೂತಿಯ ಎಗರಾಟಕ್ಕೂ ಇರುವ ಸಂಬಂಧವನ್ನು ವಿವರಿಸತೊಡಗಿದರು. ಆ ಪುಣ್ಯಾತ್ಮನು ಬೈದು ಹೋಗಬಹುದೆಂದು ನಾನು ಆಶಿಸಿದ್ದೆ. ಆತನು ಲಾಠಿಯನ್ನು ಕಂಕುಳಲ್ಲಿ ಇರಿಸಿ, ‘ಉಕ್ಕಂದ್ಮ್ಯಾಲ ಬೆವರಿಗೆ ತುಕ್ಕು ಹಿಡಿಯಂಗಿಲ್ಲೇನ್ರಿ ಕಾಕಾ?’ ಎಂದು ಕೇಳಿದನು. ಅಂದಿನಿಂದ ನಮ್ಮಲ್ಲಿ ತುಕ್ಕುವಾದವೆಂಬ ಐದನೆಯ ದರ್ಶನವೂ ಪ್ರತಿಷ್ಠಿತವಾಗಿದೆ. ನನ್ನ ತೋಳಿನ ವಿಷಯವನ್ನು ಯಾರೂ ಚರ್ಚಿಸಲಿಲ್ಲ.

ಆ ನೋವು ಇಳಿದ ಮೇಲೆ ಯೋಚಿಸಿದೆ. ಆಯುಧದ ವ್ಯಾಮೋಹ ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದ ಸರಕಾರಕ್ಕೆ ಇದಿರು ನಿಂತು ಹಲಗಲಿಯ ಬೇಡರು ಪ್ರಾಣವನ್ನೇ ಕೊಟ್ಟುದು ಇಲ್ಲಿಂದ ಬಹುದೂರವೇನೂ ಅಲ್ಲ. ಅಂದು ಆಯುಧವೆಂದರೆ ಮಾನ. ಆಮೇಲೆ ಈ ನದಿಯ ದಂಡೆಯಲ್ಲಿ ಆಯುಧವೆಂದರೆ ಹಗೆಯಾಯಿತು. ಪಿಸ್ತೂಲೆಂದೊಡನೆ ನಮಗೆ ಮೊದಲು ತೋರುವುದು ಹಿಡಿದವನು ಯಾರು, ಇದಿರಿಗೆ ನಿಂತವನು ಯಾರು ಎಂಬುದು. ಕಾಕಾರಿಗೆ ಮಾತ್ರ ಇದಿರಿಗೆ ಮನುಷ್ಯನೇ ಇಲ್ಲ; ಇರುವುದೊಂದು ಕಾಗದ, ಕಾಗದದ ಮೇಲೊಂದು ಕಪ್ಪು ವೃತ್ತ. ವರ್ಷಗಟ್ಟಲೆ ಅವರ ಮಾತನ್ನು ಕೇಳಿರುವ ನಾನು, ಅವರ ಬಾಯಿಂದ ಒಬ್ಬ ವೈರಿಯ ಹೆಸರು ಬಂದುದನ್ನು ಕೇಳಿಲ್ಲ. ಮಾನವನ್ನೂ ಹಗೆಯನ್ನೂ ಕಳಚಿ ಆಯುಧವನ್ನು ಬರಿಯ ಕೌಶಲವೆಂದು ಕಾಣಬಲ್ಲ ಮನಸ್ಸು ಈ ನೆಲದಲ್ಲಿ ಹುಟ್ಟಿಯೂ, ಅದನ್ನು ಪರೀಕ್ಷಿಸಿಕೊಳ್ಳುವ ಒಂದು ಅಂಗಳ ಸಿಗದೆ ಚಹಾದಂಗಡಿಯಲ್ಲಿ ಮುದಿಯಾಯಿತಲ್ಲ ಎಂದು ವ್ಯಥೆಯಾಯಿತು. ಕಾಕಾರ ಕಾಲ ಹೋಯಿತು. ನಮ್ಮ ಹುಡುಗರದಾದರೂ ಹೋಗಬಾರದು. ಹತ್ತು ಮೀಟರಿನ ಪಡಸಾಲೆ, ಇದಿರಿಗೊಂದು ಗೋಡೆ, ಪರವಾನಗಿಯ ಗೊಡವೆಯಿಲ್ಲದ 4.5 ಮಿಲಿಮೀಟರಿನ ಗಾಳಿ ಪಿಸ್ತೂಲು, ಹೇಳಿಕೊಡಬಲ್ಲ ಒಬ್ಬ ಗುರು: ಇಷ್ಟಿದ್ದರೆ ತಾಲೂಕಿನ ಊರಿನಲ್ಲಿಯೂ ಸಾಧನೆ ಆರಂಭವಾಗಬಹುದು. ಅಲ್ಲಿಯ ಹತ್ತಂಕದ ವೃತ್ತದ ಅಡ್ಡಳತೆ ಬರಿಯ 11.5 ಮಿಲಿಮೀಟರ್. ಅಷ್ಟು ಚಿಕ್ಕದನ್ನು ದಿನವೂ ದಿಟ್ಟಿಸುವ ಹುಡುಗನ ಮನಸ್ಸಿನಲ್ಲಿ ಹಗೆಯಂತಹ ದೊಡ್ಡ ವಸ್ತುವಿಗೆ ಸ್ಥಳವೆಲ್ಲಿ ಉಳಿದೀತು?

ಈ ಉಪದೇಶವನ್ನು ಬರೆದಿಡುವುದಕ್ಕಿಂತ ಕಾಕಾರಿಗೇ ಹೇಳುವುದು ಲೇಸೆಂದು ಹೋಗಿ ಹೇಳಿದೆ. ಅವರು ಎಡಗಣ್ಣು ಮುಚ್ಚಿ ಕೇಳಿದರು. ‘ಗಾಳಿ ಪಿಸ್ತೂಲೇನ್ರಿ? ಅಲ್ಯೂಮಿನಿಯಂ ಮಾಲು ಅದು. ಬ್ಯಾಡ ತಗೀರಿ.’

‘ಕಾಕಾ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಪದಕ ಗೆದ್ದುದು ಗಾಳಿ ಪಿಸ್ತೂಲಿನಿಂದಲೇ.’

‘ಯಾವ ಪದಕ?’

‘ಎರಡೂ ಕಂಚಿನವು.’

‘ಕಂಚು’ ಎಂದು ಅವರು ತೂಗಿ ನೋಡಿದರು. ‘ನಮ್ಮ ಮಲಿಕ್-ಎ-ಮೈದಾನದ ಜಾತೀದು. ನಡೀಲಿ. ಆದ್ರ ಉಕ್ಕಲ್ಲ ನೋಡ್ರಿ.’

ಆಗ, ವಿದ್ಯಾವಂತನಿಗೆ ಸಹಜವಾದ ಪ್ರದರ್ಶನಬುದ್ಧಿಯಿಂದ, ಆ ಒಲಿಂಪಿಕ್ಕಿನ ಪ್ರತಿಯೊಂದು ಪದಕದ ನಡುವೆಯೂ ಐಫೆಲ್ ಗೋಪುರದಿಂದ ತೆಗೆದ 18 ಗ್ರಾಂ ಕಬ್ಬಿಣದ ಷಟ್ಕೋಣವೊಂದನ್ನು ಕೂರಿಸಿದ್ದರೆಂದು ಹೇಳಿದೆ. ಕಾಕಾ ಎರಡು ಕಣ್ಣುಗಳನ್ನೂ ತೆರೆದುದನ್ನು ನಾನು ಕಂಡುದು ಅದೇ ಮೊದಲು. ‘ನಡುವ ಕಬ್ಬಿಣ ಐತಿ? ಅಂದ್ರ ಪದಕದ ಚೌಕಟ್ಟನ ಕಬ್ಬಿಣ ಆತಲ್ರಿ! ಇದನ್ನ ಇಷ್ಟು ದಿನಾ ಯಾಕ ಹೇಳಿಲ್ಲ ಮಾಸ್ತರ್ರ?’ ಎಂದವರೇ, ನಡುವಿನಲ್ಲಿರುವುದು ಚೌಕಟ್ಟು ಹೇಗಾದೀತೆಂದು ನಾನು ಕೇಳುವ ಮೊದಲೇ, ಟೊಪ್ಪಿಗೆಯನ್ನು ನೆಟ್ಟಗೆ ಮಾಡಿಕೊಂಡು ಸಿಂದಗಿಯ ಬಸ್ಸಿಗೆ ಓಡಿದರು.