ಡೆಮೊ ಅಣ್ಣ

ಎಮ್ಮೆ ಮೇವು ಬಿಟ್ಟರೆ ಯಾರನ್ನು ಕರೆಯಬೇಕು, ಬೋರ್ ಪಾಯಿಂಟ್ ಯಾರ ಕೈಲಿ ನೋಡಿಸಬೇಕು, ಸೊಸೈಟಿ ಸಾಲದ ಅರ್ಜಿ ಯಾರಿಂದ ಬರೆಸಬೇಕು ಎಂಬುದು ನಂದಿಗುಡಿಯಲ್ಲಿ ಎಲ್ಲರಿಗೂ ಗೊತ್ತು. ಹಾಗೆಯೇ, ಇರುವ ಕೆಲಸ ಬಿಟ್ಟು ಸಾಫ್ಟ್‌ವೇರಿಗೆ ಹೋಗೋಣ ಎಂಬ ಮನಸ್ಸಾದರೆ ಯಾವ ಕೋರ್ಸಿಗೆ ಸೇರಬೇಕೆಂದು ಕೇಳಬೇಕಾದದ್ದು ಡೆಮೊ ಅಣ್ಣನನ್ನು. ಅವನಷ್ಟು ಕೋರ್ಸು ಬಲ್ಲವರು ಹರಿಹರ ತಾಲ್ಲೂಕಿನಲ್ಲೇ ಇಲ್ಲ. ಅವನು ಇದುವರೆಗೆ ಒಂದಕ್ಕೂ ಸೇರಿಲ್ಲ. ಅದರಿಂದ ಅವನ ಮಾತಿನ ತೂಕ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಯಾವ ಕೋರ್ಸಿನ ಪರವೂ ಅಲ್ಲ, ವಿರೋಧವೂ ಅಲ್ಲ, ಇಂಥ ನಿಷ್ಪಕ್ಷಪಾತಿ ನ್ಯಾಯಾಧೀಶ ಎಲ್ಲಿ ಸಿಗಬೇಕು?

ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಊರಿನ ಬಾಯಲ್ಲಿ ಮಾತ್ರ ಅವನು ಡೆಮೊ ಅಣ್ಣ. ಕಂಪ್ಯೂಟರ್ ತರಬೇತಿಯವರು ಫೀಸು ಕಟ್ಟಿಸಿಕೊಳ್ಳುವ ಮುಂಚೆ ಒಂದು ಕ್ಲಾಸನ್ನು ಪುಕ್ಕಟೆ ಕೊಡುತ್ತಾರಲ್ಲ, ಅದರಲ್ಲಿ ಕೂತು ಕೂತು ಬಂದ ಬಿರುದು ಅದು. ಮೂವತ್ತು ದಾಟಿದೆ. ಹರಿಹರದಲ್ಲಿ ಬಿ.ಕಾಂ. ಮುಗಿಸಿ, ಮಲೇಬೆನ್ನೂರಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಭತ್ತ ಎಷ್ಟು ಬಂತು, ಅಕ್ಕಿ ಎಷ್ಟು ಹೋಯ್ತು, ತೌಡು ಯಾರಿಗೆ, ಜಿಎಸ್‌ಟಿ ರಿಟರ್ನ್ ಯಾವತ್ತು, ಎಲ್ಲ ಅವನ ಬೆರಳ ತುದಿಯಲ್ಲಿ. ‘ಟ್ಯಾಲೀನೂ ಸಾಫ್ಟ್‌ವೇರೇ ಅಲ್ಲೇನೋ? ಅದನ್ನ ಮಾಡಿದ್ದೂ ಬೆಂಗಳೂರಿನವರೇ’ ಎಂದರೆ ಮುಖ ಸಪ್ಪಗೆ ಮಾಡಿ, ‘ಅದು ಬಿಡಣ್ಣ, ಅದು ಲೆಕ್ಕ’ ಎನ್ನುತ್ತಾನೆ.

ಅವನ ಜೀವಮಾನದ ಕೃತಿ ಒಂದು ಎಕ್ಸೆಲ್ ಶೀಟು. ಕೋರ್ಸಿನ ಹೆಸರು, ಪರೀಕ್ಷೆಯ ನಂಬರು, ಫೀಸು, ಶೇ 18 ಜಿಎಸ್‌ಟಿ ಸೇರಿದ ಮೇಲಿನ ಫೀಸು, ಚೌಕಾಸಿ ಮಾಡಿದ ಮೇಲಿನ ಫೀಸು, ಕಂತಿನ ಸೌಲಭ್ಯ ಉಂಟೋ ಇಲ್ಲವೋ, ಸರ್ಟಿಫಿಕೇಟಿನ ಆಯುಷ್ಯ ಎಷ್ಟು ಎಂದು ಉದ್ದಕ್ಕೂ ಅಂಕಣಗಳು. ಕಟ್ಟಕಡೆಯ ಅಂಕಣಕ್ಕೆ ‘ಷರಾ’ ಎಂದು ತಲೆಬರಹ. ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಮಾತು: ‘ಯೋಚಿಸಬಹುದು’.

ಹಾಗೆಂದು ಅವನ ತಿಳಿವಳಿಕೆಯನ್ನು ಹಗುರವಾಗಿ ಕಾಣಬೇಡಿ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಎಡೆಬಿಡದೆ, ಪುಸ್ತಕ ನೋಡದೆ ಒಪ್ಪಿಸುತ್ತಾನೆ. ನೆಟ್‌ವರ್ಕಿಂಗ್ ಆದರೆ ಸಿಸಿಎನ್‌ಎ, 120 ನಿಮಿಷದ ಪರೀಕ್ಷೆ, ಮೂರು ವರ್ಷ ಬಾಳಿಕೆ. ಕ್ಲೌಡ್ ಆದರೆ ಅಮೆಜಾನಿನವರ ಕ್ಲೌಡ್ ಪ್ರಾಕ್ಟೀಷನರ್, 65 ಪ್ರಶ್ನೆ, 90 ನಿಮಿಷ, 100 ಡಾಲರ್. ಮೈಕ್ರೋಸಾಫ್ಟಿನ ಎಜೆಡ್-900 ಒಮ್ಮೆ ಪಾಸಾದರೆ ಮುಗಿಯಿತು, ನವೀಕರಣ ಇಲ್ಲ. ಎಜೆಡ್-104 ಆದರೆ ವರ್ಷ ವರ್ಷ ನವೀಕರಿಸಬೇಕು, ಆದರೆ ಅದಕ್ಕೆ ದುಡ್ಡಿಲ್ಲ. ರೆಡ್‌ಹ್ಯಾಟಿನವರ ಲಿನಕ್ಸ್ ಪರೀಕ್ಷೆಯಲ್ಲಿ ಟಿಕ್ ಹಾಕಿ ಬರುವ ಹಾಗಿಲ್ಲ, ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿಸಿಯೇ ಬಿಡುತ್ತಾರೆ. ಇದಿಷ್ಟೂ ನಿಜ. ಸೆಂಟರಿನವನು ತಾನೇ ಅಚ್ಚು ಹಾಕಿಸಿ ಕೊಡುವ ‘ಕೋರ್ಸ್ ಕಂಪ್ಲೀಷನ್’ ಕಾಗದ ಬೇರೆ, ಕಂಪನಿಯವರು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು ಬೇರೆ ಎಂಬುದನ್ನು ನಮ್ಮೂರಿನ ಹುಡುಗರಿಗೆ ಮೊದಲು ಬಿಡಿಸಿ ಹೇಳಿದವನೇ ಅವನು. ಎಷ್ಟೋ ಅಪ್ಪಂದಿರ ದುಡ್ಡು ಅದರಿಂದ ಉಳಿದಿದೆ.

ತೊಂದರೆ ಏನೆಂದರೆ, ಇವನು ಯೋಚಿಸುತ್ತಿರುವಾಗ ಪರೀಕ್ಷೆಗಳು ಸುಮ್ಮನೆ ಕೂರುವುದಿಲ್ಲ. ಸಿಸಿಎನ್‌ಎಯನ್ನು ಎರಡು ಭಾಗ ಮಾಡಿ ಬರೆಯುವುದೋ ಒಂದೇ ಏಟಿಗೆ ಬರೆಯುವುದೋ ಎಂದು ಇವನು ಲೆಕ್ಕ ಹಾಕುತ್ತಿದ್ದಾಗ, 2020ರ ಫೆಬ್ರವರಿ 24ರಂದು ಸಿಸ್ಕೋದವರು ಎರಡು ಭಾಗವನ್ನೂ ಅದರ ನಾನಾ ಶಾಖೆಗಳನ್ನೂ ತೆಗೆದುಹಾಕಿ ಒಂದೇ ಪರೀಕ್ಷೆ ಇಟ್ಟರು. ಇವನು, ‘ನೋಡ್ರಿ, ಆಗ್ಲೇ ಸೇರಿದ್ರೆ ಮೋಸ ಹೋಗ್ತಿದ್ದೆ’ ಎಂದ. ಕ್ಲೌಡ್ ಪ್ರಾಕ್ಟೀಷನರಿಗೆ ಮನಸ್ಸು ಮಾಡುವಷ್ಟರಲ್ಲಿ 2023ರಲ್ಲಿ ಅದರ ಹೊಸ ಆವೃತ್ತಿ ಬಂತು. ‘ಸ್ವಲ್ಪ ಹಳತಾಗ್ಲಿ, ಯಾರಾದ್ರೂ ಬರೆದು ನೋಡ್ಲಿ’ ಎಂದ. ಹಾರ್ಡ್‌ವೇರಿನವರ ಎ-ಪ್ಲಸ್ ಕಡೆ ತಿರುಗಿದ. ಅದಕ್ಕೆ ಎರಡು ಪೇಪರು. ಎರಡಕ್ಕೂ 2025ರಲ್ಲಿ ಹೊಸ ನಂಬರು ಬಂತು. ಇವನ ಪಾಲಿಗೆ ಇವೆಲ್ಲ ತನ್ನ ತಾಳ್ಮೆಗೆ ಸಿಕ್ಕ ಬಹುಮಾನಗಳು.

ಕೆಲವು ಪರೀಕ್ಷೆಗೆ ಕೂರಬೇಕಾದರೇ ಅನುಭವ ಬೇಕು. ಪಿಎಂಪಿ ಎಂಬ ಪ್ರಾಜೆಕ್ಟ್ ಮ್ಯಾನೇಜರುಗಳ ಪರೀಕ್ಷೆಗೆ ಡಿಗ್ರಿ ಇದ್ದವರು 36 ತಿಂಗಳು ಪ್ರಾಜೆಕ್ಟ್ ನಡೆಸಿರಬೇಕು, 35 ಗಂಟೆ ಪಾಠವನ್ನೂ ಕೇಳಿರಬೇಕು. ಡೆಮೊ ಅಣ್ಣ ಒಂದು ರಾತ್ರಿ ಕೂತು ತನ್ನ ಅನುಭವದ ಪಟ್ಟಿ ಮಾಡಿದ: ಮಠದ ಕಾರ್ಯಕ್ರಮದಲ್ಲಿ ಪ್ರಸಾದದ ಉಸ್ತುವಾರಿ, ಗಣಪತಿ ಕೂರಿಸಿದ್ದು, ಅಕ್ಕನ ಮದುವೆ, ಸೋದರಮಾವನ ಮನೆಯ ಆರ್‌ಸಿಸಿ. ಒಟ್ಟು ಸೇರಿಸಿದರೆ ತಿಂಗಳುಗಳು ಚೆನ್ನಾಗಿಯೇ ಬರುತ್ತಿದ್ದವು. ಆದರೆ ಆರ್‌ಸಿಸಿ ಸೋರುತ್ತಿದೆ ಎಂಬ ಕಾರಣಕ್ಕೆ ಸೋದರಮಾವ ಸಾಕ್ಷಿ ಹೇಳಲು ಒಪ್ಪಲಿಲ್ಲ. ಸೈಬರ್ ಸೆಕ್ಯುರಿಟಿಯ ಸಿಐಎಸ್‌ಎಸ್‌ಪಿ ಪರೀಕ್ಷೆಗೆ ಹಾಗೇ ಕೂರಬಹುದು, ಆದರೆ ಸರ್ಟಿಫಿಕೇಟು ಕೈಗೆ ಬರಲು ಐದು ವರ್ಷದ ಅನುಭವ ಕೇಳುತ್ತಾರೆ. ಮಿಲ್ಲಿನಲ್ಲಿ ಇಷ್ಟು ವರ್ಷ ಪಾಸ್‌ವರ್ಡನ್ನು ಮಾಲೀಕರಿಗೂ ಹೇಳದೆ ಕಾಪಾಡಿದ್ದೇನಲ್ಲ ಎಂಬುದು ಇವನ ವಾದ.

ಭಾನುವಾರ ದಾವಣಗೆರೆಗೆ. ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲೋ ಮೆಡಿಕಲ್ ಶಾಪಿನ ಪಕ್ಕದ ಮೆಟ್ಟಿಲು ಹತ್ತಿದಲ್ಲೋ ಒಂದು ಗಾಜಿನ ಬಾಗಿಲು, ಒಳಗೆ ಎಸಿ, ಗೋಡೆಯ ಮೇಲೆ ಟೈ ಕಟ್ಟಿಕೊಂಡು ನಗುತ್ತಿರುವ, ನಮ್ಮ ಜಿಲ್ಲೆಯವರಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುವ ಹುಡುಗರ ಫೋಟೊ. ಡೆಮೊ ಅಣ್ಣ ಮುಂದಿನ ಸಾಲಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂರುತ್ತಾನೆ. ಮುಗಿದ ಮೇಲೆ ಬೆಣ್ಣೆದೋಸೆ, ಸಂಜೆಯ ಬಸ್ಸಿಗೆ ಮುಂಚೆ ಮಂಡಕ್ಕಿ-ಮೆಣಸಿನಕಾಯಿ. ಡೆಮೊ ಪುಕ್ಕಟೆಯಾದರೂ ದಿನ ಪುಕ್ಕಟೆಯಾಗುವುದಿಲ್ಲ.

ಡೆಮೊ ಎಂದರೆ ಯಾವಾಗಲೂ ಮೊದಲನೆಯ ಪಾಠ. ಹೀಗಾಗಿ ಅವನು ಎಲ್ಲ ವಿಷಯಗಳ ಮೊದಲ ಗಂಟೆಯಲ್ಲಿ ಪಾರಂಗತ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ, ಬೇರೆಯವರ ಕಂಪ್ಯೂಟರು ಎಂಬುದನ್ನು ಎಂಟು ಜನ ಮೇಷ್ಟ್ರ ಧಾಟಿಯಲ್ಲಿ ಹೇಳಬಲ್ಲ. ಐಪಿ ಅಡ್ರೆಸ್ಸು ಏನೆಂದು ಬಲ್ಲ, ಸಬ್‌ನೆಟ್ಟಿಂಗ್ ಎರಡನೇ ಪಾಠ. ಪೈಥಾನಿನಲ್ಲಿ ‘ಹಲೋ ವರ್ಲ್ಡ್’ ಬರೆಯಬಲ್ಲ. ವರ್ಲ್ಡ್ ತಿರುಗಿ ಏನಾದರೂ ಕೇಳಿದರೆ ಉತ್ತರವಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಪರದೆಯ ಬೆಳಕಿನಲ್ಲಿ ಕೂತು ಕ್ಲೌಡು, ಕೀ, ಟೋಕನ್ನು ಎಂದು ಗೊಣಗುತ್ತಿದ್ದ ಮಗನನ್ನು ನೋಡಿ ಅವರವ್ವ ಹೆದರಿ, ಬರುವ ಅಮಾವಾಸ್ಯೆಗೆ, ಗಾಳಿ ಬಿಡಿಸಲು ಜನ ಹೋಗುವ ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿಗೆ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದಿದ್ದರು. ಹೋಗಿ ಬಂದದ್ದೂ ಆಯಿತು. ಅಲ್ಲಿ ಬಿಟ್ಟುಹೋಗುವ ಜಾತಿಯದಲ್ಲ ಇದು.

ಅವನ ಫೋನಿಗೆ ಕೌನ್ಸೆಲರುಗಳ ಕರೆ ಬರುವುದು ಸಂಜೆ ಹೊತ್ತು. ಟೀ ಅಂಗಡಿಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ; ನಮಗೆ ಟಿವಿ ಬೇಕಾಗುವುದಿಲ್ಲ.

‘ಸರ್, ಈ ಆಫರು ಇವತ್ತು ರಾತ್ರಿ ಹನ್ನೆರಡಕ್ಕೆ ಕ್ಲೋಸು ಸರ್.’

‘ಹೋದ ತಿಂಗ್ಳೂ ಹನ್ನೆರಡಕ್ಕೇ ಕ್ಲೋಸ್ ಆಗಿತ್ತಲ್ಲಮ್ಮ, ಮತ್ತೆ ಯಾರು ತೆಗೆದ್ರು?’

‘ಸರ್, ಅದು ಬೇರೆ ಬ್ಯಾಚು. ಇದ್ರಲ್ಲಿ ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಇದೆ.’

‘ಪ್ಲೇಸ್‌ಮೆಂಟು ಕೊಡ್ತೀರೋ ಅಸಿಸ್ಟೆನ್ಸ್ ಕೊಡ್ತೀರೋ?’

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಟೀ ಅಂಗಡಿಯಲ್ಲಿ ಚಪ್ಪಾಳೆ.

‘ಸರ್, ನೀವು ಯಾವಾಗ ಜಾಯಿನ್ ಆಗ್ತೀರಾ?’

ಈ ಪ್ರಶ್ನೆ ಬಂದ ಕೂಡಲೇ ನಮ್ಮ ಹುಲಿ ಬೆಕ್ಕಾಗುತ್ತದೆ. ‘ಮನೇಲಿ ಮಾತಾಡ್ಬೇಕು ಮೇಡಂ.’ ಮನೆಯಲ್ಲಿ ಮಾತಾಡುವುದೇನೂ ಉಳಿದಿಲ್ಲ ಎಂಬುದು ನಮಗೆಲ್ಲ ಗೊತ್ತು. ಅವರಪ್ಪ ತಮ್ಮ ಅಭಿಪ್ರಾಯವನ್ನು ಎಂದೋ ಹೇಳಿ ಮುಗಿಸಿದ್ದಾರೆ.

ಅಪ್ಪನ ಮಾತಿಗೆ ಬರುವ ಮುಂಚೆ ಒಂದು ಸಂಗತಿ. ಈ ಸರ್ಟಿಫಿಕೇಟಿನ ಹಂಬಲ ನಮ್ಮ ಸೀಮೆಗೆ ಮೊನ್ನೆ ಬಂದದ್ದಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಕಾಲಕ್ಕೆ ಐಟಿಐನ ಫಿಟ್ಟರು, ಟರ್ನರು ಕಾಗದ ಹಿಡಿದವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಆ ಕಾಗದಗಳು ಟ್ರಂಕು ಸೇರಿದವು. ಆಮೇಲೆ, ಜೊತೆಜೊತೆಗೇ ಎನ್ನಿ, ಟೈಪಿಂಗಿನ ಜೂನಿಯರು-ಸೀನಿಯರು. ಅದಾದ ಮೇಲೆ ಸರ್ಕಾರದ ಕಿಯೋನಿಕ್ಸಿನ ಕಂಪ್ಯೂಟರ್ ಕಾಗದ. ಪ್ರತಿಯೊಂದು ಕಾಲಕ್ಕೂ ಅದರದೇ ಆದ ಡೆಮೊ ಅಣ್ಣಂದಿರು ಇದ್ದಿರಬೇಕು. ಆಗ ಪುಕ್ಕಟೆ ಕ್ಲಾಸು ಇರಲಿಲ್ಲವಾದ್ದರಿಂದ ಅವರು ಬೆಳಕಿಗೆ ಬರಲಿಲ್ಲ.

ಅವರಪ್ಪ ಭತ್ತ ಬೆಳೆಯುವ ಮನುಷ್ಯ. ಒಂದು ದಿನ ಮಗ ಲ್ಯಾಪ್‌ಟಾಪು ತಿರುಗಿಸಿ ಶೀಟು ತೋರಿಸಿ, ಯಾವುದು ಒಳ್ಳೆಯದು ಹೇಳಪ್ಪ ಎಂದ. ಅಪ್ಪ ಕನ್ನಡಕ ಹಾಕಿಕೊಳ್ಳಲೂ ಇಲ್ಲ.

‘ಸೋನಾ ಹಾಕ್ಬೇಕೋ ಆರ್‌ಎನ್‌ಆರ್ ಹಾಕ್ಬೇಕೋ ಅಂತ ನಾನು ಹೆಂಗೆ ನೋಡ್ತೀನಿ ಹೇಳು. ಚೀಲದ ಮೇಲೆ ಬರೆದದ್ದು ಓದಿ ತಗಂತೀನೇನು? ಯಾರ ಗದ್ದ್ಯಾಗ ಬೆಳೆದೈತಿ, ಎಷ್ಟು ಚೀಲ ಆತು, ರೋಗ ಬಂತೋ ಏನು ಅಂತ ಹೋಗಿ ಕೇಳ್ಕಂಡು ಬರ್ತೀನಿ. ಇದನ್ನ ಓದಿ ಕೆಲಸಕ್ಕೆ ಹೋದವ್ನು ಯಾವನಾದ್ರೂ ಅದಾನೇನು? ಅವನ್ನ ಕೇಳೀಯೇನು?’

ಮಗ ಕೇಳಿರಲಿಲ್ಲ. ಶೀಟಿನಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಅಪ್ಪನ ಮಾತಿಗೆ ಮೆಚ್ಚಿ ಒಂದು ಹೊಸ ಅಂಕಣ ಹಾಕಿದ, ‘ಗದ್ದೆ’ ಎಂದು ಹೆಸರಿಟ್ಟ, ಹಳದಿ ಬಣ್ಣ ತುಂಬಿದ. ಅದು ಇವತ್ತಿಗೂ ಖಾಲಿ ಇದೆ, ಬಣ್ಣ ಮಾತ್ರ ಚೆನ್ನಾಗಿದೆ.

ಕೆಳಗಿನ ಓಣಿಯ ಹುಡುಗಿಯೊಬ್ಬಳು ಬಿಎಸ್ಸಿ ಮಾಡಿ, ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಸಂಬಳ ಕೇಳಿದರೆ ನೀವೂ ನಾನೂ ತಲೆ ತಗ್ಗಿಸಬೇಕು. ಅವಳೂ ಡೆಮೊ ಅಣ್ಣನನ್ನು ಕೇಳಿದಳು. ಅವನು ಸಂತೋಷದಿಂದ ಇಡೀ ಶೀಟನ್ನು ವಾಟ್ಸ್‌ಆ್ಯಪ್ ಮಾಡಿ, ‘ಅವಸರ ಮಾಡ್ಬೇಡ ತಂಗಿ, ಇನ್ನಾರು ತಿಂಗ್ಳು ಮಾರ್ಕೆಟ್ ನೋಡೋಣ’ ಎಂದ. ಅವಳು ಮಾಡಿದ್ದು ಇಷ್ಟೇ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ ಕಾಲೇಜಿನ ಸೀನಿಯರ್‌ಗೆ ಫೋನು ಹಚ್ಚಿ, ‘ಅಕ್ಕಾ, ನೀವೇನು ಓದಿದ್ರಿ?’ ಎಂದು ಕೇಳಿದಳು. ಆ ಅಕ್ಕ ಓದಿದ್ದನ್ನೇ ಓದಿದಳು. ಪ್ರೋಗ್ರಾಮಿಂಗಿಗೆ ಐಐಟಿಯವರ ಎನ್‌ಪಿಟಿಇಎಲ್ ಪಾಠ. ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟು ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಟೆಸ್ಟಿಂಗಿಗೆ ಐಎಸ್‌ಟಿಕ್ಯೂಬಿಯ ಮೊದಲ ಹಂತ: 40 ಪ್ರಶ್ನೆ, 60 ನಿಮಿಷ, 26 ಸರಿ ಬಂದರೆ ಪಾಸು, ಸರ್ಟಿಫಿಕೇಟಿಗೆ ಅವಧಿಯ ಮಿತಿಯಿಲ್ಲ. ಶಾಲೆ ಬಿಟ್ಟ ಮೇಲೆ ರಾತ್ರಿ ಕೂತು ಓದಿದಳು. ಒಂದೆರಡು ಕಡೆ ಬೇಡವೆನ್ನಿಸಿಕೊಂಡಳು. ಕೊನೆಗೊಂದು ಇಂಟರ್‌ವ್ಯೂನಲ್ಲಿ ನಿಮಗೆ ಇಷ್ಟಬಂದ ವಸ್ತುವನ್ನು ಹೇಗೆ ಟೆಸ್ಟ್ ಮಾಡುತ್ತೀರಿ ಹೇಳಿ ಎಂದರಂತೆ. ಇವಳು ಪಂಪ್‌ಸೆಟ್ಟಿನ ಸ್ಟಾರ್ಟರ್ ಹೇಳಿದಳು: ತ್ರೀ ಫೇಸ್ ಬಂದರೆ ಏನಾಗಬೇಕು, ಒಂದು ಫೇಸ್ ಹೋದರೆ ಏನಾಗಬೇಕು, ಬಾವಿಯಲ್ಲಿ ನೀರು ಮುಗಿದರೆ, ಮಳೆಗೆ ನೆನೆದರೆ, ಆಟೋದಲ್ಲಿಟ್ಟು ಅಪ್ಪ ಮಲಗಿಬಿಟ್ಟರೆ. ಕೆಲಸ ಕೊಟ್ಟರು.

ಯುಗಾದಿಗೆ ಊರಿಗೆ ಬಂದವಳು ಡೆಮೊ ಅಣ್ಣನಿಗೆ ಸ್ವೀಟು ಬಾಕ್ಸು ತಂದಳು. ‘ನಿಮ್ಮ ಶೀಟಿನಿಂದ ಬಹಳ ಉಪಯೋಗ ಆತು ಅಣ್ಣ’ ಎಂದಳು. ಒಳ್ಳೆಯ ಹುಡುಗಿ. ಅವನು ಪೇಡೆ ಬಾಯಿಗೆ ಹಾಕಿಕೊಂಡು, ‘ಟೆಸ್ಟಿಂಗ್ ಫೀಲ್ಡಿಗೆ ಎಐ ಬಂದು ಏಟು ಬೀಳ್ತೈತಿ ಅಂತಾರೆ, ಹುಷಾರು’ ಎಂದ.

ಅವನಿಗೂ ಒಂದು ದಾರಿ ಇತ್ತು, ಈಗಲೂ ಇದೆ. ದೊಡ್ಡ ಕಂಪನಿಗಳು ಲೆಕ್ಕ ಬರೆಯುವ ಎಸ್‌ಎಪಿ ಎಂಬ ಸಾಫ್ಟ್‌ವೇರಿನಲ್ಲಿ ಹಣಕಾಸಿನದೇ ಒಂದು ವಿಭಾಗವಿದೆ. ಅದನ್ನು ಕಲಿಯಲು ಬರುವ ಕಂಪ್ಯೂಟರ್ ಹುಡುಗರು ಡೆಬಿಟ್ಟು ಕ್ರೆಡಿಟ್ಟು ತಿಳಿಯದೆ ಕಣ್ಣುಕಣ್ಣು ಬಿಡುತ್ತಾರೆ; ಇವನು ಅದನ್ನು ನಿದ್ದೆಯಲ್ಲೂ ಬರೆಯಬಲ್ಲ. ಜಿಎಸ್‌ಟಿ, ದಾಸ್ತಾನು, ಮಿಲ್ಲಿನ ಲೆಕ್ಕದ ಒಳಸುಳಿ, ಯಾವ ಡೆಮೊದಲ್ಲೂ ಸಿಗದ ಇದಿಷ್ಟೂ ಅವನ ಬಳಿ ಆಗಲೇ ಇದೆ. ಇದನ್ನು ನಾನೇ ಅವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಲೆಕ್ಕ ಬಿಡಬೇಕಂತ್ಲೇ ಅಲ್ಲೇನಣ್ಣ ನಾನು ಇಷ್ಟೆಲ್ಲ ಮಾಡ್ತಿರೋದು?’ ಎಂದ. ಆದರೂ ರಾತ್ರಿ ಶೀಟಿಗೆ ಒಂದು ಸಾಲು ಸೇರಿಸಿದನಂತೆ. ಷರಾ ಏನೆಂದು ಕೇಳಬೇಡಿ.

ಎಐ ಕೋರ್ಸುಗಳು ಬಂದ ಮೇಲಂತೂ ಅವನಿಗೆ ಬಿಡುವಿಲ್ಲ. ಪಟ್ಟಿ ಎರಡನೇ ಶೀಟಿಗೆ ಹೋಗಿದೆ. ಕೆಲಸ ಬದಲಿಸುವ ಯೋಚನೆ ನಿಮಗೂ ಇದ್ದರೆ ಅವನನ್ನು ಕಂಡು ಹೋಗಿ. ಮಾಹಿತಿ ಅಪ್ಪಟ, ಟೀ ದುಡ್ಡನ್ನೂ ಅವನೇ ಕೊಡುತ್ತಾನೆ. ಶೀಟು ಇಸಿದುಕೊಳ್ಳಿ, ಯಾವಾಗ ಸೇರಲಿ ಎಂದು ಮಾತ್ರ ಕೇಳಬೇಡಿ. ಭಾನುವಾರ ಬರಬೇಡಿ, ದಾವಣಗೆರೆಯಲ್ಲಿ ಡೆಮೊ ಇರುತ್ತದೆ.